ಗೇರು ತಾನೇ ಹಾಕಿಕೊಳ್ಳುವ ಕಾರಿಗೆ ನಾನು ಅವಸರ ಕಲಿಸಿದ್ದು

ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು ಹೇಳೆಂದರೂ ಹೇಳುತ್ತೇನೆ: ಇಲ್ಲಿ ಬರೆದದ್ದೆಲ್ಲ ಖರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಲ್ಕೂ ತಾಲೂಕಿನ ರಸ್ತೆಗಳಿಗೆ ನನ್ನ ಮೇಲೆ ಅದೇನು ಪ್ರೀತಿಯೋ, ನಾನು ಗಾಡಿ ಹತ್ತಿದರೆ ಸಾಕು, ಏನಾದರೊಂದು ನಡೆಸಿಯೇ ಬಿಡುತ್ತಿದ್ದವು. ಬೇರೆ ಡ್ರೈವರುಗಳು ಊರು ಮುಟ್ಟಿ ಬರುತ್ತಿದ್ದರು, ನಾನು ಕಥೆ ಹೊತ್ತುಕೊಂಡು ಬರುತ್ತಿದ್ದೆ.

೧. ಎಡಗಾಲಿನ ಗತಿ

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅಕ್ಕಿಆಲೂರಿನ ಗಿರಣಿಗಳಿಂದ ಅಕ್ಕಿ ಹೇರುವ ಲಾರಿ ಓಡಿಸುತ್ತಿದ್ದೆ. ಸವಣೂರಿನ ಸಾವುಕಾರರೊಬ್ಬರು ಮುಂಬಯಿಯಿಂದ ಹಳೆಯದೊಂದು ಅಮೆರಿಕದ ಕಾರು ತರಿಸಿ ನನ್ನನ್ನು ಕರೆದು ಕೂರಿಸಿದರು. ಕಾರಿಗೆ ಕ್ಲಚ್ಚೇ ಇಲ್ಲ, ಗೇರು ಅದೇ ಹಾಕಿಕೊಳ್ಳುತ್ತಿತ್ತು. ಅಂಥದ್ದನ್ನು ಓಡಿಸುವ ಗಂಡಸು ಇಡೀ ಸೀಮೆಗೆ ನಾನೊಬ್ಬನೇ. ಅಂಥ ಕಾರೂ ಇಡೀ ಸೀಮೆಗೆ ಅದೊಂದೇ ಇತ್ತು, ಆ ಮಾತು ಬೇರೆ.

ಆದರೆ ಲಾರಿಯಲ್ಲಿ ಪಳಗಿದ ನನ್ನ ಎಡಗಾಲು ಕ್ಲಚ್ಚು ಹುಡುಕುವುದನ್ನು ಬಿಡಲಿಲ್ಲ. ಸಿಕ್ಕಿದ್ದು ಬ್ರೇಕು, ಅದೂ ಊಟದ ಮಣೆಯಷ್ಟು ಅಗಲ. ಒತ್ತಿದಾಗಲೆಲ್ಲ ಹಿಂದೆ ಕೂತ ಸಾವುಕಾರರ ತಲೆಯ ರುಮಾಲು ಹಾರಿ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. "ನಾಳಿಂದ ಆ ಕಾಲ ಮನ್ಯಾಗ ಇಟ್ಟ ಬಾ" ಅಂದರು. ಮನೆಯಲ್ಲಿ ಇಡಲು ಬರುವಂತಿಲ್ಲವಲ್ಲ, ಮರುದಿನದಿಂದ ಮಡಚಿ ಅದರ ಮೇಲೆಯೇ ಕೂತು ಓಡಿಸಿದೆ.

ಪೇಟೆಯಲ್ಲಿ ವೀಳ್ಯದೆಲೆ ಮಾರುವ ಮುದುಕಿಯೊಬ್ಬಳು ಕಿಟಕಿಯಿಂದ ಇಣುಕಿ ನೋಡಿ, ಪಾಪ, ಒಂದೇ ಕಾಲಿನವ ಅಂದುಕೊಂಡಳು. ಅವತ್ತಿನಿಂದ ದಿನಾ ಒಂದು ಹಿಡಿ ಎಳೆಯ ಎಲೆ ಪುಕ್ಕಟೆ ಕೊಡುತ್ತಿದ್ದಳು. ಸವಣೂರಿನ ಎಲೆ, ಯಾರು ಬೇಡ ಅಂದಾರು? ಒಂದು ದಿನ ನಾನು ಮೈಮರೆತು ಎರಡೂ ಕಾಲು ಊರಿ ಕಾರಿನಿಂದ ಇಳಿದೆ. ಬೈಯುತ್ತಾಳೆ ಅಂತ ನಾನು ಕಾದರೆ, ಮುದುಕಿ ಕೈ ಮುಗಿದು ಕಣ್ಣೀರು ಹಾಕಿದಳು. ನನ್ನ ಕಾಲಿಗಾಗಿ ಆಕೆ ದೇವರಿಗೆ ಬೇಡಿಕೊಂಡಿದ್ದಳಂತೆ. ಪೇಟೆಗೆಲ್ಲ ಸಕ್ಕರೆ ಹಂಚಿದಳು. ನಾನೂ ಭಕ್ತಿಯಿಂದ ಕೈಯೊಡ್ಡಿದೆ.

೨. ವಿಚಾರ ಮಾಡುವ ಕಾರು

ಕಾರಿಗೆ ಒಂದೇ ಐಬು. ಒಂದು ಗೇರಿನಿಂದ ಮುಂದಿನದಕ್ಕೆ ಹೋಗುವಾಗ ಭಾಳ ವಿಚಾರ ಮಾಡುತ್ತಿತ್ತು. ಎಂಜಿನ್ನು ಗೋಳಾಡುತ್ತಿತ್ತು, ಚಕ್ರ ಮಾತ್ರ ತಮಗೆ ಸಂಬಂಧವೇ ಇಲ್ಲ ಅನ್ನುವಂತೆ ಇರುತ್ತಿದ್ದವು. ತಡಸದ ಹತ್ತಿರ ಒಂದು ಏರಿನಲ್ಲಿ ಮೆಣಸಿನಕಾಯಿ ಹೇರಿದ ಎತ್ತಿನ ಚಕ್ಕಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಹೊಡೆಯುತ್ತಿದ್ದವನು ಹಿಂತಿರುಗಿ, "ಸಾವುಕಾರ್ರ, ವಿಚಾರ ಮಾಡೂದಿದ್ರ ಗಿಡದ ನೆಳ್ಳಾಗ ಕುಂತ್ ಮಾಡ್ರಿ, ಬಿಸಿಲೈತಿ" ಅಂದ.

ಸಾವುಕಾರರ ಮುಖ ಆ ಚೀಲದ ಮೆಣಸಿನಕಾಯಿಯ ಬಣ್ಣಕ್ಕೆ ಬಂತು. ಗೇರು ಲಗೂನ ಬೀಳುವಂತೆ ಮಾಡಿಸದಿದ್ದರೆ ಈ ಡಬ್ಬಿಯನ್ನು ಮುಂಬಯಿಗೇ ಕಳಿಸುತ್ತೇನೆ, ನೀನು ನಿನ್ನ ಲಾರಿಗೆ ಹೋಗು ಅಂದುಬಿಟ್ಟರು.

ಲಾರಿಗೆ ಹೋಗಲು ನಾನೆಲ್ಲಿ ತಯಾರಿದ್ದೆ? ಆಗಷ್ಟೇ ಹಿರೇಕೆರೂರ ಕಡೆ ಹೆಣ್ಣು ನೋಡಿ ಬಂದಿದ್ದೆ. ಬಂದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಲಾರಿಯವನಿಗೆ ಕೊಡುವುದಿಲ್ಲ, ಸಾವುಕಾರರ ಕಾರಿನವ ಅಂತ ವಿಚಾರ ಮಾಡುತ್ತೇನೆ ಅಂತ ಹುಡುಗಿಯ ಅಪ್ಪ ಹೇಳಿದ್ದರು. ಕಾರು ಹೋದರೆ ಹುಡುಗಿಯೂ ಹೋದಂತೆ. ನಾಲ್ಕು ತಾಲೂಕಿನಲ್ಲಿ ಒಂದು ಗೇರುಪೆಟ್ಟಿಗೆಯ ಸಲುವಾಗಿ ದೇವರಿಗೆ ಊದಿನಕಡ್ಡಿ ಹಚ್ಚಿದವ ನಾನೊಬ್ಬನೇ.

೩. ಮೊಸರಿನ ಗಡಿಗೆ

ಶಿಗ್ಗಾಂವಿಯಲ್ಲಿ ಒಬ್ಬ ಮಿಸ್ತ್ರಿ ಇದ್ದ, ಪುಣ್ಯಾತ್ಮ. ನಾನೂ ಅವನೂ ಕೂಡಿ ಆ ಪೆಟ್ಟಿಗೆ ಸುಧಾರಿಸಿದೆವು. ಅಂದರೆ ಅವನು ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದ, ನಾನು ಮೇಲೆ ನಿಂತು ಧೈರ್ಯ ಹೇಳಿದೆ. ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದ, ಎಕ್ಸಲೇಟರಿನಿಂದ ಪೆಟ್ಟಿಗೆಗೆ ಹೋಗುವ ಸರಳನ್ನು ಗಿಡ್ಡ ಮಾಡಿದ, ಗೇರು ಹಿಡಿಯುವ ಒಳಗಿನ ಪಟ್ಟಿ ಬಿಗಿ ಮಾಡಿದ. ಸಾಕು ಅಂದ. ಇನ್ನೊಂದಿಷ್ಟು ಬಿಗಿ ಆಗಲಿ ಅಂದವ ನಾನು.

ಮರುದಿನ ಸಾವುಕಾರರ ಹೆಂಡತಿ, ನಮ್ಮ ಅವ್ವಾರು, ಮೊಸರಿನ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಹಾನಗಲ್ಲಿಗೆ ಹೊರಟರು. ಗೇರು ಈಗ ವಿಚಾರ ಮಾಡುತ್ತಿರಲಿಲ್ಲ, ಎತ್ತು ಒದ್ದಂತೆ ಬೀಳುತ್ತಿತ್ತು. ಎರಡನೆಯದು ಬಿದ್ದಾಗ ಗಡಿಗೆ ಎಗರಿತು. ಮೂರನೆಯದಕ್ಕೆ ಅವ್ವಾರೂ ಎಗರಿದರು. ದಾರಿಯುದ್ದ ಗಡಿಗೆ ತಬ್ಬಿಕೊಂಡು ಕೂತಿದ್ದ ಆ ತಾಯಿ, ಇಳಿದ ಮೇಲೆ ಗಡಿಗೆಯೊಳಗೆ ಇಣುಕಿ ನೋಡಿ ತಣ್ಣಗೆ ಕೇಳಿದರು:

"ತಮ್ಮಾ, ಮಜ್ಜಿಗಿ ಅಂತೂ ಆತು. ಬೆಣ್ಣಿ ಯಾವ ಗೇರಿನ್ಯಾಗ ಬರ್ತೈತಿ?"

ಗಂಡನ ಮುಂದೆ ಮಾತ್ರ ಚಕಾರ ಎತ್ತಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

೪. ಹೊಡೆಯುವವರು ಯಾರು

ಮಿಸ್ತ್ರಿ ಪಟ್ಟಿಯನ್ನು ಕೊಂಚ ಸಡಿಲ ಮಾಡಿ ಒಂದು ಗುಟ್ಟು ಹೇಳಿಕೊಟ್ಟ: ಗೇರು ಬೀಳಬೇಕೆಂದಾಗ ಎಕ್ಸಲೇಟರಿನ ಮೇಲಿನ ಪಾದ ಚೂರು ಎತ್ತು, ಥಟ್ಟನೆ ಬೀಳುತ್ತದೆ. ಖರೆ, ಬಿತ್ತು. ಆದರೆ ನಾನು ಪಾದ ಎತ್ತುವುದಕ್ಕೂ, ಹಿಂದಿನಿಂದ ಸಾವುಕಾರರು ಎತ್ತಿಗೆ ಮಾಡುವಂತೆ ಬಾಯಲ್ಲಿ "ಚ್ಚ ಚ್ಚ" ಅನ್ನುವುದಕ್ಕೂ ಸರಿಹೋಯಿತು. ಕಾರು ತಮ್ಮ ಮಾತು ಕೇಳುತ್ತದೆ ಅಂತ ಅವರು ಹಿಗ್ಗಿದರು. ಮತ್ತೆ "ಚ್ಚ" ಅಂದರು, ನಾನು ಮತ್ತೆ ಪಾದ ಎತ್ತಿದೆ. ಮುಂಬಯಿಯ ಮಾತು ಅಲ್ಲಿಗೇ ನಿಂತಿತು. ಮಾತು ಕೇಳುವ ಕಾರನ್ನು ಯಾರಾದರೂ ಕಳಿಸುತ್ತಾರೆಯೇ?

ಅದೇ ಹುರುಪಿನಲ್ಲಿ ಸಾವುಕಾರರು ನನ್ನ ಸಂಬಂಧ ತಾವೇ ಕುದುರಿಸುತ್ತೇನೆಂದು ಹಿರೇಕೆರೂರ ಕಡೆಗೆ ಹೊರಟರು. ಹುಡುಗಿಯ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೊಡೀರಿ, ನಿಮ್ಮ ಎತ್ತು ಹೊಡದಂಗ" ಅಂದರು. ಹಿರಿಯರು "ನಡೀ ಮಗನ" ಅಂದರು, ನನ್ನ ಪಾದ ಎದ್ದಿತು, ಗೇರು ಬಿತ್ತು. ಊರ ಸುತ್ತ ಇಬ್ಬರೂ ಸರದಿಯ ಮೇಲೆ ಕಾರು ಹೊಡೆದರು. ನನ್ನ ಮದುವೆ ಆದಂತೆಯೇ ಅಂದುಕೊಂಡೆ.

ಮನೆ ಮುಂದೆ ಇಳಿದ ಹಿರಿಯರು ಮೀಸೆ ತಿರುವುತ್ತ ನಿಂತರು. ಆಮೇಲೆ ಅಂದರು: "ಗೇರು ತಾನ ಬೀಳ್ತೈತಿ. ಹಿಂದ ಕುಂತ ನೀವು ಹೊಡೀತೀರಿ. ಮತ್ತ ಈ ಹುಡುಗ ಏನ್ ಮಾಡ್ತಾನ್ರಿ? ದುಡೀಲಾರದ ಕುಂತು ಉಣ್ಣಾಂವಗ ಮಗಳ್ನ ಹೆಂಗ ಕೊಡ್ಲಿ?"

 ಹೊಡೆದದ್ದು ನನ್ನ ಪಾದ ಅಂದರೆ ಸಾವುಕಾರರ ಹಿಗ್ಗು ಇಳಿದು ಕಾರು ಹೋಗುತ್ತದೆ. ಅನ್ನದಿದ್ದರೆ ಹುಡುಗಿ ಹೋಗುತ್ತಾಳೆ. ದುಡಿಯುವುದನ್ನಾದರೂ ತೋರಿಸೋಣವೆಂದು, ನಾಲ್ಕು ತಾಲೂಕಿನ ಮಾತುಗಾರ ನಾನು ಕಾರಿನ ಗಾಜು ಒರೆಸತೊಡಗಿದೆ.

ಆಗ ಬಾಗಿಲ ಮರೆಯಿಂದ ಮೆಲ್ಲಗೆ ಒಂದು ದನಿ ಬಂತು. ಹುಡುಗಿಯದು.

"ಯಪ್ಪಾ, ಸಂತಿಯಿಂದ ಎತ್ತು ತಾವ ಹಾದಿ ಹಿಡದ ಬರ್ತಾವು, ನೀ ಚಕ್ಕಡ್ಯಾಗ ಮಕ್ಕೊಂಡ ಬರ್ತಿ. ನಿನಗ ನಮ್ಮವ್ವನ್ನ ಹೆಂಗ ಕೊಟ್ರು?"

ಒಳಗಿನಿಂದ ಅವರವ್ವ ಮೊದಲು ನಕ್ಕರು. ಆಮೇಲೆ ಸಾವುಕಾರರು. ಕಡೆಗೆ ಹಿರಿಯರೂ ಮೀಸೆ ಬಿಟ್ಟು ನಕ್ಕು, ಎಲೆ ಅಡಿಕೆ ತರಲು ಹೇಳಿದರು.

ಎಲ್ಲಾ ಖರೆ ಅಂದೆನಲ್ಲ, ಒಂದೇ ಒಂದು ಸಣ್ಣ ಮಾತು ನಾನು ಕೈಯಿಂದ ಹಾಕಿದ್ದು. ಆಕೆ ಬಾಗಿಲ ಮರೆಯಲ್ಲೂ ಇರಲಿಲ್ಲ, ಮೆಲ್ಲಗೂ ಅನ್ನಲಿಲ್ಲ. ಮೇವಿನ ಬಣವೆಯ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಆಕೆ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೇಳುವುದೂ ಬೇಡ. ಆ ದನಿ ಒಂದು ಎಳೆ ಕಡಿಮೆಯಿದ್ದಿದ್ದರೆ ನಾನು ಇನ್ನೂ ಒಬ್ಬನೇ ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ.