ಪಕ್ಷಪಾತದಿಂದ ಕತ್ತರಿಸಿ

ಗಂಡ: ನನ್ ಮೇಲೆ ಯಾಕೆ ರೇಗ್ತೀಯ? 'ಬಟ್ಟೆಯನ್ನು ಪಕ್ಷಪಾತದಿಂದ ಕತ್ತರಿಸಿ' ಅಂತ ಅಚ್ಚಗನ್ನಡದಲ್ಲಿ ಬರೆದಿದ್ರು!

ಹೆಂಡತಿ: ಅದಕ್ಕೆ ಎಡಗಡೆಗೆ ಒಂದು ಗೇಣು ಜಾಸ್ತಿ ಕೊಟ್ರಾ?

ಗಂಡ: ಒಂದು ಕಡೆಗೆ ಜಾಸ್ತಿ ಕೊಟ್ರೆ ತಾನೇ ಪಕ್ಷಪಾತ?

ಹೊಲಿಗೆ ಅಂಗಡಿಯ ಮೇಜಿನ ಮೇಲೆ ಲೈಬ್ರರಿಯಮ್ಮನ ಹಸಿರು ಮಖಮಲ್ ಸ್ಕರ್ಟು ಸೊಂಟ ಉಳುಕಿದವರಂತೆ ವಾಲಿ ಬಿದ್ದಿತ್ತು. ಹೆಂಡತಿ ಹೊಲಿಯಲು ಕೂತು ಇಪ್ಪತ್ತು ವರ್ಷ. ಇಸ್ತ್ರಿ ಮಾಡಿಕೊಂಡಿದ್ದ ಗಂಡ, ಅವಳ ಬೆನ್ನುನೋವು ನೋಡಲಾರದೆ, ಫೋನಿನಲ್ಲಿ ಉಚಿತ ಹೊಲಿಗೆ ಪಾಠಕ್ಕೆ ಸೇರಿ ಮೂರು ವಾರ. ಲೈಬ್ರರಿಯಮ್ಮ ಬರುವುದು ಐದಕ್ಕೆ; ಆಗಲೇ ನಾಲ್ಕೂವರೆ.

ಹೆಂಡತಿ: ಹತ್ತು ವರ್ಷದ ಗಿರಾಕಿ ರೀ, ಕೈ ತಪ್ಪಿ ಹೋಗ್ತಾರೆ! ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ?

ಗಂಡ: ನಿನ್ನನ್ನೇ ಕೇಳಿದ್ರೆ ನಿನಗೆ ಸಹಾಯ ಏನ್ ಬಂತು? ಚಾಚೂ ತಪ್ಪದೆ ಮಾಡಿದ್ದೀನಿ ಕಣೆ. 'ಮಖಮಲ್ ಕತ್ತರಿಸುವ ಮೊದಲು ಕಿರುನಿದ್ದೆಯ ದಿಕ್ಕು ನೋಡಿಕೊಳ್ಳಿ' ಅಂದ್ರು. ಪೂರ್ವಕ್ಕೆ ತಲೆ ಹಾಕಿ ಅರ್ಧ ಗಂಟೆ ಮಲಗೆದ್ದೆ.

ಹೆಂಡತಿ: ಗೊರಕೆ ಕೇಳ್ತು. ಅದೂ ಪಾಠ ಅಂತ ಗೊತ್ತಾಗ್ಲಿಲ್ಲ.

ಗಂಡ: ಹಂಗಿಸಬೇಡ. ಪ್ರಪಂಚದಲ್ಲಿ ನಲವತ್ತು ಸಾವಿರ ಜನ ಸೇರಿದ್ದಾರೆ.

ಹೆಂಡತಿ: ಉಳಿದಿರೋರು ಎಷ್ಟು?

ಗಂಡ: ಒಂದು... ಆರುನೂರು.

ಹೆಂಡತಿ: ಮಿಕ್ಕವರು ಇನ್ನೂ ಎದ್ದಿಲ್ಲ ಅನ್ನಿ.

ಅಷ್ಟರಲ್ಲಿ ಲೈಬ್ರರಿಯಮ್ಮನೇ ಒಳಗೆ ಬಂದರು.

ಲೈಬ್ರರಿಯಮ್ಮ: ತಡೀಲಾರ್ದೆ ಬೇಗ ಬಂದೆ. ನಾಳೆ ಸಂಜೆ ನನಗೆ ಸನ್ಮಾನ! ಎಲ್ಲಿ ನನ್ನ ಸ್ಕರ್ಟು?

ಹೆಂಡತಿ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದು ಅದನ್ನು ಎತ್ತಿ ಹಿಡಿದಳು. ಲೈಬ್ರರಿಯಮ್ಮ ತಲೆ ವಾಲಿಸಿ ನೋಡಿದರು. ತಲೆ ನೆಟ್ಟಗಾಯಿತು, ಸ್ಕರ್ಟು ಆಗಲಿಲ್ಲ.

ಹೆಂಡತಿ: ತಪ್ಪು ನಮ್ಮದೇ ಅಮ್ಮ. ಮಿಕ್ಕ ಬಟ್ಟೇಲಿ ಅಂಚು ಕೂಡಿಸಿ, ನಾಳೆ ಹತ್ತಕ್ಕೆ ಕೊಡ್ತೀನಿ.

ಗಂಡ: ನಮ್ಮದ್ಯಾಕೆ? ಈ ಪಾಠಾನ ಕನ್ನಡಕ್ಕೆ ತಿರುಗಿಸಿದ ಪುಣ್ಯಾತ್ಮ ಸಿಗ್ಲಿ, ಇದನ್ನೇ ಉಡಿಸಿ ಊರೆಲ್ಲ ಸುತ್ತಿಸ್ತೀನಿ! ನೋಡಿ ಇಲ್ಲಿ.

ಫೋನು ನೋಡಿದ ಲೈಬ್ರರಿಯಮ್ಮ ಸ್ಟೂಲಿನ ಮೇಲೆ ಕುಸಿದರು.

ಲೈಬ್ರರಿಯಮ್ಮ: ಉಡಿಸಿ. ಅಳತೆ ಹೇಗೂ ನಂದೇ ಇದೆ.

ಗಂಡ: ಅಂದ್ರೆ...?

ಲೈಬ್ರರಿಯಮ್ಮ: ಆ ಪುಣ್ಯಾತ್ಮ ನಾನೇ. ಸನ್ಮಾನ ಅದಕ್ಕೇ. ಇಂಗ್ಲಿಷಲ್ಲಿ 'ಬಯಾಸ್' ಅಂತಿತ್ತು. ನಿಘಂಟಲ್ಲಿ ಪಕ್ಷಪಾತ ಅಂತಾನೇ ಇದೆಯಲ್ಲಮ್ಮ!

ಹೆಂಡತಿ: ನಮ್ಮ ಕತ್ತರಿಗೆ ಅದು ಓರೆ. ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸೋದು.

ಲೈಬ್ರರಿಯಮ್ಮ: ಹಾಗಾದ್ರೆ ಆ ಕಿರುನಿದ್ದೆ? ಇಂಗ್ಲಿಷಲ್ಲಿ 'ನ್ಯಾಪ್' ಅಂತಿತ್ತು.

ಹೆಂಡತಿ ಅವರ ಅಂಗೈ ಹಿಡಿದು ಮಖಮಲ್ಲಿನ ಮೇಲೆ ಸವರಿಸಿದಳು. ಕೆಳಮುಖವಾಗಿ ನುಣುಪು, ಮೇಲ್ಮುಖವಾಗಿ ಒರಟು.

ಹೆಂಡತಿ: ಅದು ಇದರ ನವಿರು, ಮೇಲಿರೋ ಈ ಸಣ್ಣ ಕೂದಲು. ಇದು ಯಾವ ಕಡೆ ಮಲಗಿದೆ ಅಂತ ನೋಡ್ಬೇಕು, ನಾವು ಮಲಗೋದಲ್ಲ.

ಲೈಬ್ರರಿಯಮ್ಮ ತಾವೇ ಇನ್ನೊಮ್ಮೆ ಸವರಿ ನೋಡಿದರು.

ಲೈಬ್ರರಿಯಮ್ಮ: ಇನ್ನೂ ಒಂಬತ್ತು ಪಾಠ ಬಾಕಿ ಇದೆ. ತಿದ್ದಿಕೊಡ್ತೀಯಾ?

ಹೆಂಡತಿ: ಅಯ್ಯೋ, ನಾನು ಓದಿದ್ದು ಏಳನೇ ಕ್ಲಾಸು.

ಲೈಬ್ರರಿಯಮ್ಮ: ನಾನು ಎಂ.ಎ. ಸ್ಕರ್ಟು ನೋಡಿದೆಯಲ್ಲ?

ಹೆಂಡತಿ ನಗು ತಡೆಯಲಾರದೆ ಇನ್ನೊಂದು ಸ್ಟೂಲು ಎಳೆದುಕೊಂಡಳು.

ಹೆಂಡತಿ: ಸರಿ, ಓದಿ. ಕೇಳ್ತೀನಿ.

ಗಂಡ: ಮತ್ತೆ ನಾನು?

ಹೆಂಡತಿ: ನೀವು ವಿದ್ಯಾರ್ಥಿ. ಕೈ ಕಟ್ಕೊಂಡು ಕೂತ್ಕೊಳ್ಳಿ. ಮೊದಲು ಆ ಕತ್ತರಿ ಇಲ್ಲಿ ಕೊಡಿ.