ಮೂರು ಗುಂಡಿಗಳ ನಿರ್ದೇಶಕ

ನಾನು ಕನ್ನಡಕದ ಅಂಗಡಿಯವನು. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಬಾಯಲ್ಲಿ ಒಂದೇ ಪ್ರಶ್ನೆ: “ಇದರಲ್ಲಿ ಚೆನ್ನಾಗಿ ಕಾಣುತ್ತೋ, ಅದರಲ್ಲೋ?” ಕಂಡವರಿಗೆಲ್ಲ ಆಯ್ಕೆ ಕೊಡುವ ಮಹಾನುಭಾವ ನಾನು. ನನ್ನನ್ನು ಮಾತ್ರ ಯಾರೂ ಯಾವತ್ತೂ ‘ನಿನಗೆ ಯಾವುದು ಬೇಕಪ್ಪಾ’ ಎಂದು ಕೇಳಿದ್ದಿಲ್ಲ. ಕಿಟಕಿಯ ಪರದೆ ಯಾವ ಬಣ್ಣ, ಸೋಫಾ ಯಾವ ಗೋಡೆಗೆ, ನಾನು ಯಾವ ಶರಟು ಹಾಕಬೇಕು, ಎಲ್ಲ ನನ್ನ ಹೆಂಡತಿಯ ತೀರ್ಮಾನ. ನನ್ನ ಕನ್ನಡಕದ ಫ್ರೇಮು ಕೂಡ ಅವಳೇ ಆರಿಸಿದ್ದು. (ಗಿರಾಕಿಗಳಿಗೆ ಇದು ಗೊತ್ತಾದರೆ ಅಂಗಡಿಗೆ ಬೀಗವೇ ಸರಿ.)

ಇಂಥ ನನ್ನ ಬಾಳಿನಲ್ಲಿ ಆ ಆಟ ಬಂತು. ಸಿ.ಡಿ. ಹಾಕಿ ಟೀವಿಯಲ್ಲಿ ಆಡುವ ಗೇಮುಗಳು ಆಗಷ್ಟೇ ಕಾಲಿಟ್ಟಿದ್ದವು. ನನ್ನ ಪಕ್ಕದ ಅಂಗಡಿಯಲ್ಲಿ ಅವು ಬಂದ ಹಾಗೇ ಖಾಲಿಯಾಗುತ್ತಿದ್ದವು. ಒಂದು ಸರಣಿ ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಹಾಡಿನ ವಿಡಿಯೋವನ್ನು ಮನೆಯಲ್ಲಿ ಕೂತು ನಾವೇ ಮಾಡುವ ಆಟವಂತೆ.

“ಆಟ ಆಡೋ ಮಿಷನ್ನು ತಗೊಂಡ್ರೆ ಈ ಸಿ.ಡಿ.ಗಳನ್ನ ಸುಮ್ನೆ ಕೊಡ್ತೀನಿ ಸಾರ್. ವಾಪಸ್ ಮಾತ್ರ ತರಬೇಡಿ,” ಎಂದು ಅಂಗಡಿಯವನು ಕೈ ಮುಗಿದ. ಅವನ ವಿನಯಕ್ಕೆ ಮನಸೋತು ತಂದುಬಿಟ್ಟೆ.

ಸಿ.ಡಿ. ಹಾಕಿದೆ. ಹಾಡು ಶುರುವಾಯಿತು. ಟೀವಿಯ ಕೆಳಗಡೆ ಮೂರು ಪುಟ್ಟ ಕಿಟಕಿಗಳು. ಒಂದರಲ್ಲಿ ಸಮುದ್ರ, ಒಂದರಲ್ಲಿ ಓಡುವ ಕುದುರೆ, ಇನ್ನೊಂದರಲ್ಲಿ ಕೂದಲು ಕೆದರಿಕೊಂಡು ಹಾಡುವ ಗಾಯಕ. ಕೈಯಲ್ಲಿ ಮಿಷನ್ನಿಗೆ ವೈರಿನಿಂದ ಸಿಕ್ಕಿಸಿದ ರಿಮೋಟು, ಅದರಲ್ಲಿ ಮೂರು ಗುಂಡಿ. ಯಾವ ಗುಂಡಿ ಒತ್ತುತ್ತೇವೋ ಆ ಕಿಟಕಿಯ ದೃಶ್ಯ ದೊಡ್ಡ ಪರದೆಗೆ ಬರುತ್ತದೆ. ಹಾಡು ಮುಗಿದ ಮೇಲೆ ನಾವು ಆರಿಸಿದ್ದೆಲ್ಲ ಸೇರಿ ನಮ್ಮದೇ ವಿಡಿಯೋ ಆಗಿ ಮತ್ತೆ ಓಡುತ್ತದೆ. ನಾನು ಕೆಂಪು ಗುಂಡಿ ಒತ್ತಿದೆ, ಸಮುದ್ರ ಬಂತು. ಹಸಿರು ಒತ್ತಿದೆ, ಸಮುದ್ರ ಹೋಗಿ ಕುದುರೆ ಬಂತು! ನನ್ನ ಮೈ ಜುಮ್ಮೆಂದಿತು. ಇಡೀ ಸಮುದ್ರ ನನ್ನ ಹೆಬ್ಬೆರಳಿನ ಮಾತು ಕೇಳಿ ಪಕ್ಕಕ್ಕೆ ಸರಿದಿತ್ತು. ಜೀವಮಾನದಲ್ಲಿ ಮೊದಲ ಸಲ ಏನೋ ಒಂದು ನನ್ನ ಮುಂದೆ ನಿಂತು ‘ಯಜಮಾನರೇ, ತಮಗೆ ಯಾವುದಾಗಬೇಕು?’ ಎಂದು ಕೇಳುತ್ತಿತ್ತು.

“ರೀ, ಇದೇನ್ರೀ ಇದು? ಸೊಳ್ಳೆಪರದೆ ಒಳಗಿಂದ ತೆಗ್ದಿದಾರಾ?” ಎಂದಳು ಹೆಂಡತಿ.

ಚಿತ್ರ ಸ್ವಲ್ಪ ಕಾಳುಕಾಳಾಗಿತ್ತು, ಒಪ್ಪುತ್ತೇನೆ. (ಅಂಗಡಿಯಿಂದ ಲೆನ್ಸಿನ ಪೆಟ್ಟಿಗೆ ತಂದು ಒಂದೊಂದನ್ನೇ ಕಣ್ಣಿಗಿಟ್ಟು ನೋಡಿದೆ. ದೋಷ ಕಣ್ಣಿನದಲ್ಲ.)

“ಅದು ಕಲೆ ಕಣೇ.”

“ಕಲೆ ಆದ್ರೆ ಒರೆಸಿ. ಪಕ್ಕದಲ್ಲೇ ಬಟ್ಟೆ ಇದೆ.”

ಇದನ್ನಾದರೂ ಸಹಿಸಬಹುದಿತ್ತು. ಆದರೆ ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ವಾರಪತ್ರಿಕೆಯೊಂದರಲ್ಲಿ ಹೊಸ ಹೊಸ ಯಂತ್ರಗಳ ಬಗ್ಗೆ ಅಂಕಣ ಬರೆಯುವವರು. ಮದುವೆಯಾದಾಗಿನಿಂದ ನಾನು ಮಾಡಿದ ಯಾವ ಕೆಲಸಕ್ಕೂ ಅವರ ತಲೆ ಮೇಲೆಕೆಳಗೆ ಆಡಿದ್ದನ್ನು ಕಂಡವನಲ್ಲ. ಆ ವಾರ ಅವರ ಅಂಕಣಕ್ಕೆ ಸಿಕ್ಕಿದ್ದು ಇದೇ ಸರಣಿ. ಹೆಂಡತಿ ರಾಗವಾಗಿ ಓದಿದಳು: “ಆಟ ಅನ್ನೋಣವೆಂದರೆ ಆಡಲು ಏನೂ ಇಲ್ಲ. ಸಿನಿಮಾ ಅನ್ನೋಣವೆಂದರೆ ಏನೂ ಕಾಣುವುದಿಲ್ಲ. ಸಿ.ಡಿ.ಯನ್ನು ದಾರಕ್ಕೆ ಕಟ್ಟಿ ಬಾಲ್ಕನಿಯಲ್ಲಿ ತೂಗುಬಿಟ್ಟರೆ ಪಾರಿವಾಳಗಳು ದೂರ ಇರುತ್ತವೆ.”

ನನ್ನ ಪಿತ್ತ ನೆತ್ತಿಗೇರಿತು. ತಕ್ಷಣ ಫೋನು ಮಾಡಿದೆ.

“ಭಾವ, ಮುಂದಿನ ತಿಂಗಳು ಒಂದು ಭಾನುವಾರ ಬನ್ನಿ. ನಾನು ಮಾಡಿದ ವಿಡಿಯೋ ನೋಡಿ. ಚೆನ್ನಾಗಿದೆ ಅನ್ನಿಸಿದ್ರೆ ‘ನಾನು ಬರೆದಿದ್ದು ತಪ್ಪು’ ಅಂತ ಪತ್ರಿಕೇಲಿ ಹಾಕ್ಬೇಕು.”

“ಅನ್ನಿಸದೇ ಇದ್ರೆ?”

“ಮಿಷನ್ನು ಮನೆಯಿಂದ ಆಚೆ.” ಇದನ್ನು ಹೇಳಿದ್ದು ನಾನಲ್ಲ, ನನ್ನ ಕೈಯಿಂದ ಫೋನು ಕಿತ್ತುಕೊಂಡ ನನ್ನ ಹೆಂಡತಿ.

ಸಾಧನೆಗೆ ಕೂತೆ. ಶುರುವಿನಲ್ಲಿ ನನ್ನ ವಿಡಿಯೋಗಳು ಅಷ್ಟೇನೂ ಕಳೆಗಟ್ಟುತ್ತಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಅತ್ತೆಯವರು ನಮ್ಮ ಮನೆಯಲ್ಲಿ ಕೆಲವು ದಿನ ಇರಲು ಬಂದರು. ಮಂಡಿನೋವಿನ ಅವರಿಗೆ ಟೀವಿಯ ಎದುರಿನ ಕುರ್ಚಿ, ಅದಕ್ಕೊಂದು ದಿಂಬು. “ವೈರುಗಳು ಅಮ್ಮನ ಕಾಲಿಗೆ ಸಿಕ್ಕೊಳ್ತವೆ,” ಎಂದು ಹೆಂಡತಿ ಎಲ್ಲವನ್ನೂ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದಳು. ಮಿಷನ್ನಿನ ಜೊತೆ ಬಂದಿದ್ದ ಎರಡನೆಯ ರಿಮೋಟನ್ನು ಕಣ್ಣಿಗೆ ಕಾಣದ ಹಾಗೆ ಎಲ್ಲೋ ತುರುಕಿದಳು. ಈ ಆಟಕ್ಕೆ ಒಂದೇ ಸಾಕು, ಹಾಗಾಗಿ ನಾನೂ ಕೇಳಲಿಲ್ಲ.

ಅಂದಿನಿಂದ ನನ್ನ ಕಲೆ ಅರಳಿತು. ಏನು ಹೇಳಲಿ! ಹಾಡು ನಿಧಾನವಾದಾಗ ಸಮುದ್ರ ಅಲ್ಲೇ ತಂಗಿರುತ್ತಿತ್ತು. ಡೋಲು ಬಡಿದಾಗ ಕುದುರೆ ನುಗ್ಗುತ್ತಿತ್ತು. ಕೆಲವು ಸಲ ನಾನು ಒತ್ತುವ ಮೊದಲೇ ದೃಶ್ಯ ಬದಲಾಗುತ್ತಿತ್ತು. ಮಿಷನ್ನಿಗೆ ನನ್ನ ಮನಸ್ಸು ಅರ್ಥವಾಗತೊಡಗಿದೆ ಎಂದುಕೊಂಡೆ. ನನ್ನ ಬಗ್ಗೆ ನನಗೇ ಭಯಭಕ್ತಿ ಹುಟ್ಟಿತು. ಕನ್ನಡಿಯ ಮುಂದೆ ನಿಂತು ‘ಇಷ್ಟು ದಿನ ಎಲ್ಲಿದ್ದೆಯಯ್ಯಾ’ ಎಂದು ಕೇಳಿಕೊಂಡದ್ದೂ ಉಂಟು.

ಭಾನುವಾರ ಭಾವ ಬಂದರು. ಕಾಲಮೇಲೆ ಕಾಲು ಹಾಕಿ ಸೋಫಾದಲ್ಲಿ ಕೂತರು. ಅತ್ತೆ ಕುರ್ಚಿಯಲ್ಲಿ, ಹೆಂಡತಿ ಬಾಗಿಲಲ್ಲಿ. ನಾನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಗುಂಡಿ ಒತ್ತತೊಡಗಿದೆ. ಹಾಡು ಮುಗಿದು ವಿಡಿಯೋ ಮತ್ತೆ ಓಡಿತು. ಕೊನೆಯಲ್ಲಿ ಗಾಯಕನ ಮುಖ ಮರೆಯಾಗಿ ಬರೀ ಸಮುದ್ರ ಉಳಿದಾಗ ಭಾವ ಕಾಲಿಳಿಸಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು!

“ನಾನು ಸೋತೆ. ಪತ್ರಿಕೇಲಿ ಬರೀತೀನಿ. ಆ ಕುದುರೆ ಬರೋ ಜಾಗ ಇದ್ಯಲ್ಲ, ಅದೊಂದು ಮತ್ತೆ ಮಾಡಿ, ನೋಡ್ಬೇಕು.”

ನನ್ನ ಕಾಲು ನೆಲದ ಮೇಲಿರಲಿಲ್ಲ. ಮತ್ತೆ ಹಾಡು ಹಾಕಿದೆ. ಅತ್ತೆಯವರ ಕಣ್ಣಲ್ಲೂ ನೀರು ಬಂದಿತ್ತೇನೋ, ಮುಖ ತೊಳೆಯಲು ಎದ್ದು ಹೋದರು. ಡೋಲು ಬಂತು. ಹಸಿರು ಒತ್ತಿದೆ. ಸಮುದ್ರ ಕದಲಲಿಲ್ಲ. ಮತ್ತೆ ಒತ್ತಿದೆ. ಕೆಂಪು, ನೀಲಿ, ಎರಡು ಕೈಯಿಂದ ಒಟ್ಟಿಗೆ, ಊಹೂಂ! ಅತ್ತೆ ಬಂದು ‘ಉಸ್ಸಪ್ಪಾ’ ಎಂದು ಕೂತರು. ಕುದುರೆ ಚಂಗನೆ ಹಾರಿ ಬಂತು. “ಅಯ್ಯೋ, ಟವೆಲ್ ಮರ್ತೆ,” ಎಂದು ಎದ್ದರು. ಕುದುರೆ ಓಡಿತು, ಓಡಿತು, ಓಡುತ್ತಲೇ ಇತ್ತು. ಮತ್ತೆ ಕೂತರು. ಗಾಯಕ ಪ್ರತ್ಯಕ್ಷ.

ಭಾವ ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. “ಅಮ್ಮ, ಒಂಚೂರು ಏಳು,” ಎಂದು ದಿಂಬು ಎತ್ತಿದರು. ಅಡಿಯಲ್ಲಿ ರಿಮೋಟು ಬೆಚ್ಚಗೆ ಮಲಗಿತ್ತು. ಹೆಂಡತಿ ಅವತ್ತು ವೈರು ಸಿಕ್ಕಿಸುವಾಗ ಎರಡು ರಿಮೋಟುಗಳನ್ನೂ ಅದಲುಬದಲು ಮಾಡಿದ್ದಳು. ಇಷ್ಟು ದಿನ ನಾನು ಒತ್ತಿದ್ದೆಲ್ಲ ಗಾಳಿಗೆ.

“ನಂಗೇನು ಗೊತ್ತಪ್ಪಾ, ಏನೋ ಒತ್ತುತ್ತಿತ್ತು,” ಎಂದರು ಅತ್ತೆ ಸಂಕೋಚದಿಂದ. “ಹಾಡು ಚೆನ್ನಾಗಿದೆ, ಕೇಳ್ತಾ ಸ್ವಲ್ಪ ತೂಗ್ತಿದ್ದೆ. ಸಮುದ್ರ ಬಂದಾಗ ಮಾತ್ರ ಅಲ್ಲಾಡೋಕೆ ಮನಸ್ಸಾಗ್ತಿರ್ಲಿಲ್ಲ.”

ನಾನು ಸೋಲೊಪ್ಪಲಿಲ್ಲ. “ಆ ರಿಮೋಟು ಕೊಡಿ ಭಾವ. ಈಗ ನೋಡಿ ನನ್ನ ಕೈಚಳಕ,” ಎಂದೆ. ಈಗ ಸಮುದ್ರ ನಿಜವಾಗಿಯೂ ನನ್ನ ಮಾತು ಕೇಳುತ್ತಿತ್ತು. ಆದರೆ ಸಮುದ್ರ ಬಂದ ಕೂಡಲೇ ಕುದುರೆ ಇನ್ನೂ ಚೆನ್ನಾಗಿರಬಹುದು ಅನ್ನಿಸಿತು. ಕುದುರೆ ಬಂದರೆ ಗಾಯಕನಿಗೆ ಅನ್ಯಾಯವಾಯಿತಲ್ಲಾ ಎಂಬ ಸಂಕಟ. ಇದೋ, ಅದೋ, ಇದೋ, ಅದೋ! ಯಾವುದನ್ನೂ ಬಿಡಲು ನನಗೆ ಮನಸ್ಸು ಬರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಹೆಂಡತಿ ತಲೆಸುತ್ತಿ ಬಾಗಿಲು ಹಿಡಿದುಕೊಂಡಿದ್ದಳು.

ಭಾವ ಎರಡೂ ಕಣ್ಣು ಉಜ್ಜಿಕೊಂಡರು. “ನಾಳೆ ನಿಮ್ಮ ಅಂಗಡಿಗೆ ಬರ್ತೀನಿ, ಕಣ್ಣು ಪರೀಕ್ಷೆ ಮಾಡಿ. ನಾನು ಬರೆದಿದ್ರಲ್ಲಿ ಒಂದಕ್ಷರಾನೂ ತಿದ್ದಲ್ಲ.”

“ಹಾಗಾದ್ರೆ ಮಿಷನ್ನು ಆಚೆ,” ಎಂದು ಹೆಂಡತಿ ಸೆರಗು ಸಿಕ್ಕಿಸಿದಳು.

“ಮಿಷನ್ನು ಇರ್ಲಿ ಬಿಡೇ,” ಎಂದರು ಅತ್ತೆ. ನನ್ನ ಕೈಯಿಂದ ರಿಮೋಟು ಮೆಲ್ಲಗೆ ತೆಗೆದುಕೊಂಡು, ಅದರ ಜಾಗದಲ್ಲಿಟ್ಟು, ದಿಂಬು ಸರಿಮಾಡಿ ಕೂತರು. “ಅಳಿಯಂದ್ರೇ, ನೀವೊಂಚೂರು ಆ ಕಡೆ ಸರೀರಿ. ಟೀವಿ ಮರೆಯಾಗುತ್ತೆ.”

ನಾನು ಸರಿದೆ. ಭಾವ ಮುಂದಕ್ಕೆ ಬಾಗಿ ಕೂತರು. ಹಾಡು ಶುರುವಾಯಿತು, ಅತ್ತೆ ಕಣ್ಣು ಮುಚ್ಚಿದರು, ಅಲೆಯೊಂದು ನಿಧಾನವಾಗಿ ಪರದೆಯ ತುಂಬ ಎದ್ದಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಾ ಕೂತೆ. ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು.