ಎರಡು ವಾಡ, ಒಂದೇ ನಾಯಿ

ನನ್ನ ಮಾವನವರು ನನಗೆ ಮಗಳನ್ನು ಕೊಟ್ಟದ್ದು ನಾನು ಒಳ್ಳೆಯವನೆಂದಲ್ಲ, ನನಗಿಂತ ಕೆಟ್ಟವನೊಬ್ಬ ಅದೇ ವಾರ ಅವರ ಕಣ್ಣಿಗೆ ಬಿದ್ದಿದ್ದನೆಂದು! ಇದು ನನ್ನ ಊಹೆಯಲ್ಲ. ಮದುವೆಯ ಪಂಕ್ತಿಯಲ್ಲಿ ನನ್ನ ಎಲೆಗೆ ಎರಡನೆಯ ಹೋಳಿಗೆ ಹಾಕಿಸುತ್ತ, ಬೀಗರೆಲ್ಲ ಕೇಳುವಂತೆ ಅವರೇ ಸಾರಿದರು: “ಆ ಕಿತ್ತೂರಿನ ಹುಡುಗನ್ನ ನೋಡಿ ಬಂದ ಮ್ಯಾಲ ನಮ್ಮ ಅಳಿಯಂದ್ರು ದೇವ್ರಂಗ ಕಂಡ್ರು ನೋಡ್ರಿ!” ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬಾಯಲ್ಲಿ ಹೋಳಿಗೆ ಇದ್ದಾಗ ಮನುಷ್ಯ ಬೇರೆ ಏನು ಮಾಡಬಲ್ಲ?

ಆಮೇಲೆ ತಿಳಿಯಿತು, ಇದು ನನ್ನ ಮೇಲಿನ ವಿಶೇಷ ಕೃಪೆಯೇನೂ ಅಲ್ಲವೆಂದು. ಜಗತ್ತಿನಲ್ಲಿ ಒಂಟಿಯಾಗಿರುವ ಯಾವ ವಸ್ತುವೂ ನಮ್ಮ ಮಾವನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ತಂದಿಡಬೇಕು, ಆಗ ದೃಷ್ಟಿ ಮೂಡುತ್ತಿತ್ತು. ಹಳಿಯಾಳದ ಸಂತೆಯಲ್ಲಿ ಒಂದು ಛತ್ರಿ ಕೊಳ್ಳಲು ಹೋಗಿ, ಎರಡನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು, ಯಾವುದರ ಕೆಳಗೆ ನೆರಳು ತಂಪೆಂದು ಒಂದು ತಾಸು ಬಿಸಿಲಲ್ಲಿ ನಿಂತು, ತಲೆಶೂಲೆ ಹಚ್ಚಿಕೊಂಡು ಬರಿಗೈಯಲ್ಲಿ ಬಂದ ಮಹಾನುಭಾವರು ಅವರು. ಜ್ವರ ಬಂದು ಮಲಗಿದಾಗ ವೈದ್ಯರಿಗೆ ಕೇಳಿದ ಮೊದಲ ಪ್ರಶ್ನೆ, “ಹೋದ ವರ್ಷದ ಜ್ವರಕ್ಕಿಂತ ಇದು ಛಲೋ ಐತೋ, ಅದ ಛಲೋ ಇತ್ತೋ?”

ನಮ್ಮ ಅತ್ತೆ ಪಾಪ, ಇವತ್ತಿನ ಸಾರಿನ ಜೊತೆಗೆ ನಿನ್ನೆಯ ಸಾರನ್ನೂ ಒಂದು ಬಟ್ಟಲು ತೆಗೆದಿಡುತ್ತಿದ್ದರು. ಒಂದು ದಿನ ಅವರಿಗೂ ಸಾಕಾಯಿತು. ಮಾವ ಎರಡೂ ಬಟ್ಟಲಿಗೆ ಬೆರಳು ಅದ್ದುತ್ತಿದ್ದಾಗ ಸೊಂಟಕ್ಕೆ ಕೈಯಿಟ್ಟು ಕೇಳಿದರು: “ಇಷ್ಟು ವರ್ಷ ಆತು. ಇವತ್ತು ಹೇಳೇಬಿಡ್ರಿ. ನನ್ನ ಅಡಿಗಿ ಮೇಲೋ, ನಿಮ್ಮವ್ವನ ಅಡಿಗಿ ಮೇಲೋ?”

ಮಾವ ಎದ್ದು ಕೈತೊಳೆದು, ರುಮಾಲು ಸುತ್ತಿಕೊಂಡು, ಕಚೇರಿಗೆ ಹೊರಟೇಬಿಟ್ಟರು. ಅಂದು ಭಾನುವಾರ.

ಹಳಿಯಾಳದ ಅರಣ್ಯ ಕಚೇರಿಯಲ್ಲಿ ಅವರು ಕಾರಕೂನರು. ನಾನು ಅದೇ ಊರಿನ ಶಾಲೆಯಲ್ಲಿ ಮಾಸ್ತರ. ಮನುಷ್ಯರ ಸ್ಥಿತಿಗತಿ ಅಳೆಯಲು ಮಾವನದೇ ಒಂದು ಸಿದ್ಧಾಂತವಿತ್ತು. ಮನೆಯ ಯಜಮಾನನನ್ನು ನೋಡಬಾರದು, ಅವನ ನಾಯಿಯನ್ನು ನೋಡಬೇಕು! “ಮನಿಶ್ಯಾ ಸುಳ್ಳು ಹೇಳ್ತಾನ್ರಿ ಅಳಿಯಂದ್ರ. ಇದ್ದವ ಇಲ್ಲ ಅಂತಾನ, ಇಲ್ಲದವ ಐತಿ ಅಂತಾನ. ನಾಯಿ ಪಕ್ಕಿ ಎಲುಬು ಸುಳ್ಳು ಹೇಳಂಗಿಲ್ಲ.” ಅವರದೇ ಮನೆಯ ನಾಯಿ ಸಣಕಲು ಏಕೆ ಎಂದು ನಾನು ಕೇಳಲಿಲ್ಲ. ಹೊಸ ಅಳಿಯ ನಾನು, ಮೈಮೇಲೆ ಎಚ್ಚರವಿತ್ತು.

ಇಂಥವರಿಗೆ ಒಂದು ಬೇಸಿಗೆಯಲ್ಲಿ ಜನ್ಮ ಸಾರ್ಥಕವಾಗುವ ಕೆಲಸ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲ. ಎಲ್ಲಿಯೋ ನಡೆದ ಯುದ್ಧಕ್ಕೆ ನಮ್ಮ ಕಾಡಿನ ಮರ ಬೇಕಾಗಿತ್ತು. ಕಡಿದ ಮರ ರಾಶಿ ಹಾಕಲು ಸಾಂಬ್ರಾಣಿ ಊರಿನ ಆಚೆ ಹಳ್ಳದ ದಂಡೆಯ ಬಯಲು ಬೇಕೆಂದು ಕಚೇರಿಯ ದೊಡ್ಡ ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟರು. ಬೆರಳಿಟ್ಟಲ್ಲಿ ಜನ ಇದ್ದರು. ಹಳ್ಳದ ಈಚೆ ದಂಡೆಗೆ ಗೌಳಿವಾಡ, ಆಚೆ ದಂಡೆಗೆ ಸಿದ್ದಿವಾಡ. ಗೌಳಿಗರು ಎಮ್ಮೆಗಳ ಬಾಲ ಹಿಡಿದು ಮರಾಠಿ ಸೀಮೆಯಿಂದ ಬಂದವರು. ಸಿದ್ದಿಗಳ ಹಿರಿಯರನ್ನು ಪರಂಗಿಯವರು ಹಡಗಿನಲ್ಲಿ ತುಂಬಿ ಆಫ್ರಿಕದಿಂದ ಗೋವೆಗೆ ತಂದಿದ್ದರು, ಅವರು ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ್ದರು. “ಇಬ್ಬರೂ ಹೊರಗಿನಿಂದ ಬಂದವರು. ಯಾರು ಹೆಚ್ಚು ಸ್ಥಿತಿವಂತರೋ ನೋಡಿ ಬಾ. ಉಳ್ಳವರು ಎಲ್ಲಿಯಾದರೂ ಬದುಕುತ್ತಾರೆ, ಅವರನ್ನು ಎಬ್ಬಿಸೋಣ” ಎಂದು ಅಪ್ಪಣೆಯಾಯಿತು. ಹೀಗೆ ಹೇಳಿದ ಸಾಹೇಬರು ಏಳು ಸಮುದ್ರ ದಾಟಿ ಬಂದವರು. ಕೇಳಿಸಿಕೊಂಡ ನಮ್ಮ ಮಾವನ ಹಿರಿಯರು ಗೋವೆಯಿಂದ ದೇವರನ್ನು ಬುಟ್ಟಿಯಲ್ಲಿ ಹೊತ್ತು ಓಡಿಬಂದವರು. ನಾನು ಧಾರವಾಡದವನು. ಆ ಕಾಡಿಗೆ ಒಳಗಿನವರು ಅಂತ ಇದ್ದರೆ ಹುಲಿ, ಕಾಡುಕೋಣಗಳೇ ಇರಬೇಕು. ಅವು ಅರ್ಜಿ ಹಾಕಿರಲಿಲ್ಲ.

ಶಾಲೆಗೆ ರಜೆ. ಮಾವ ನನ್ನನ್ನೂ ಚಕ್ಕಡಿಗೆ ಹತ್ತಿಸಿಕೊಂಡರು. ಒಬ್ಬರೇ ಹೋದರೆ ತಮ್ಮ ಅಭಿಪ್ರಾಯವನ್ನು ಹೋಲಿಸಲು ಇನ್ನೊಂದು ಅಭಿಪ್ರಾಯ ಬೇಡವೆ? ಹಿಂದಿನ ದಿನವೇ ಕಚೇರಿಯ ಸಿಪಾಯಿ ಎರಡೂ ವಾಡಗಳಿಗೆ ಹೋಗಿ, ‘ಉಳ್ಳವರು ಯಾರೆಂದು ನೋಡಲು ರಾಯರು ಬರುತ್ತಾರೆ, ಉಳ್ಳವರು ಜಾಗ ಬಿಡಬೇಕು’ ಎಂದು ಬಿಡಿಸಿ ಹೇಳಿ ಬಂದಿದ್ದ.

“ಇವತ್ತು ನೋಡ್ರಿ ಮಜಾ,” ದಾರಿಯುದ್ದಕ್ಕೂ ಮಾವ ಹುರುಪಿನಲ್ಲಿದ್ದರು. “ಎರಡೂ ಕಡೆ ಬಡತನದ ನಾಟಕ ಹೂಡಿರ್ತಾರ. ಹರಕ ಅರಿವಿ, ಬರೇ ಗಡಿಗಿ, ಅಳೋ ಕೂಸು. ನಾ ಮೋಸ ಹೋಗಾವಲ್ಲ. ಸೀದಾ ನಾಯಿ ನೋಡಾವ!”

ಗೌಳಿವಾಡದಲ್ಲಿ ನಾಟಕ ನಡೆದೇ ಇತ್ತು, ಆದರೆ ತಿರುವುಮುರುವಾಗಿ! ವಾಡದ ಹಿರಿಯ ವಿಠ್ಠು ಒಗೆದ ಧೋತರ ಉಟ್ಟು, ಗುಡಿಸಿ ಸಾರಿಸಿದ ಅಂಗಳದಲ್ಲಿ ಕೈಮುಗಿದು ನಿಂತಿದ್ದ. “ಬರ್ರಿ ರಾಯರ, ಬಡವರ ಮನಿ” ಎಂದನೇನೋ ನಿಜ. ಆದರೆ ಬಡವರ ಮನೆಯ ಒಳಗೆ ದಪ್ಪನೆಯ ಹೊಸ ಕೌದಿ ಹಾಸಿತ್ತು. ಕುಳಿತ ಕೂಡಲೆ ರೊಟ್ಟಿ ಬಂತು, ಅದರ ಮೇಲೆ ಸುರಿಯಲು ಬಟ್ಟಲು ತುಂಬ ಜೇನುತುಪ್ಪ ಬಂತು. ಅಂಗಳದಲ್ಲಿ ಒಂದು ಕಂದು ನಾಯಿ ಹೊಟ್ಟೆ ಮೇಲೆ ಮಾಡಿ ಸುಖನಿದ್ರೆಯಲ್ಲಿತ್ತು. ಮಾವ ಕಣ್ಣರಳಿಸಿ ಕಾಗದ ತೆಗೆದು, ನಡುವೆ ಗೆರೆ ಹೊಡೆದು, ಎಡಗಡೆ ಬರೆದರು: ‘ಕೌದಿ, ಹೊಸದು. ಜೇನು, ಧಾರಾಳ. ನಾಯಿ, ದಪ್ಪ.’

ಬರೆಯುತ್ತ ಬರೆಯುತ್ತ ಅವರ ದೃಷ್ಟಿ ತಾವು ಕುಳಿತ ಕೌದಿಯ ಮೇಲೆ ನೆಟ್ಟಿತು. ಬಗ್ಗಿದರು. ಇನ್ನೂ ಬಗ್ಗಿದರು. ನನ್ನ ಕಿವಿಯಲ್ಲಿ, “ಅಳಿಯಂದ್ರ, ಇದು ನಿಮ್ಮ ಅತ್ತೀ ಇಳಕಲ್ ಸೀರಿ ಅಲ್ಲೇನ? ಈ ಕಡೆ ತುಂಡು ನೋಡ್ರಿ, ನನ್ನ ಪಟ್ಟಿ ಕೋಟು!” ಎಂದರು. ಹೌದು, ದೀಪಾವಳಿಯಲ್ಲಿ ಅತ್ತೆ ಹಳೆಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಸಿದ್ದಿವಾಡದ ಗಂಗಜ್ಜಿಗೆ ಕೊಟ್ಟಿದ್ದರು. ಕೌದಿ ಹೊಲಿಯುವುದರಲ್ಲಿ ಆ ಮುದುಕಿಯ ಕೈ ಸುತ್ತಲ ಊರಿಗೇ ಹೆಸರುವಾಸಿ. ಅವಳ ಕೌದಿ ಇವನ ಮನೆಗೆ ಹೇಗೆ ಬಂತು? ಮಾವ ಹುಬ್ಬು ಗಂಟಿಕ್ಕಿದರು. ಕಾಗದ ಮಡಚಿ ಎದ್ದರು.

ಹಳ್ಳ ದಾಟಿ ಸಿದ್ದಿವಾಡಕ್ಕೆ ಹೋದೆವು. ಗಂಗಜ್ಜಿಯದೇ ಅಲ್ಲಿ ಹಿರೇತನ. ಹತ್ತಿಯಂಥ ತಲೆಗೂದಲು, ಬಾಗದ ಬೆನ್ನು. ತೊಳೆದ ಚಾಪೆ ಹಾಸಿ, ಹಿತ್ತಾಳೆ ತಂಬಿಗೆಯಲ್ಲಿ ಹಾಲು ತಂದಿಟ್ಟಳು. ಹಾಲೆಂದರೆ ಎಂಥ ಹಾಲು! ಮೇಲೆ ಬೆರಳು ದಪ್ಪ ಕೆನೆ. ಆ ಕಾಲದಲ್ಲಿ ನಮ್ಮ ಮಾವನಂಥವರು ಅಂಥ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾವ ಕೆನೆಯನ್ನು ನೋಡಿದರು, ನನ್ನನ್ನು ನೋಡಿದರು, “ಹಾಲಿಗೆ ಮೈಲಿಗಿಲ್ರಿ” ಎಂಬ ಹೊಸ ಶಾಸ್ತ್ರವನ್ನು ಅಲ್ಲಿಯೇ ರಚಿಸಿ ಗಟಗಟ ಕುಡಿದರು. ಮೀಸೆ ಒರೆಸಿಕೊಂಡು ಬಲಗಡೆ ಬರೆದರು: ‘ಹಾಲು, ಕೆನೆಸಹಿತ. ತಂಬಿಗೆ, ಹಿತ್ತಾಳೆ.’ ಆಮೇಲೆ ಸಿದ್ಧಾಂತಕ್ಕೆ ಅನುಸಾರವಾಗಿ ಕೇಳಿದರು: “ನಾಯಿ ಎಲ್ಲೈತಿ?”

“ಬರತೈತ್ರಿ,” ಎಂದಳು ಗಂಗಜ್ಜಿ.

ಬಂತು. ಅದೇ ಕಂದು ನಾಯಿ! ಹಳ್ಳದ ನೀರಿನಲ್ಲಿ ನೆನೆದ ಮೈ ಕೊಡವಿ ಮಾವನ ಕಾಗದಕ್ಕೆ ನೀರು ಸಿಡಿಸಿ, ಇಲ್ಲಿಯೂ ಹೊಟ್ಟೆ ಮೇಲೆ ಮಾಡಿ ಮಲಗಿತು. ಎರಡೂ ಕಡೆ ಉಂಡರೆ ದಪ್ಪಗಾಗದೆ ಏನು?

ಮಾವ ಲೇಖಣಿ ಕೆಳಗಿಟ್ಟರು. “ಗಂಗವ್ವಾ, ಈ ವಾಡದಾಗ ಎಮ್ಮಿ ಎಷ್ಟು ಅದಾವ?”

“ಎಮ್ಮಿ ಇಲ್ರಿ.”

“ಎಮ್ಮಿ ಇಲ್ದ ಹಾಲು ಎಲ್ಲಿಂದ ಬಂತು?”

ಗಂಗಜ್ಜಿ ಉತ್ತರ ಹುಡುಕುತ್ತಿರುವಾಗಲೇ ಉತ್ತರವೇ ನಡೆದುಕೊಂಡು ಬಂತು. ನಾವಿನ್ನೂ ಅಲ್ಲಿಯೇ ಇದ್ದೇವೆಂದು ತಿಳಿಯದೆ ವಿಠ್ಠು ಸುತ್ತಿದ ಕೌದಿಯನ್ನು ತಲೆಯ ಮೇಲೆ ಹೊತ್ತು, ಕೈಯಲ್ಲಿ ಖಾಲಿ ಜೇನಿನ ಬಟ್ಟಲು ಹಿಡಿದು, “ಅಜ್ಜೀ, ನಮ್ಮ ತಂಬಿಗಿ ಕೊಡು” ಎನ್ನುತ್ತ ಒಳಗೆ ಕಾಲಿಟ್ಟ. ನಮ್ಮನ್ನು ನೋಡಿ ಕಂಬದಂತೆ ನಿಂತ.

“ಏನೋ ಇದು?” ಮಾವ ಗುಡುಗಿದರು.

“ಕೌದಿ ಒಗ್ಯಾಕ... ಹಳ್ಳಕ್ಕ ಹೊಂಟಿದ್ನಿರಿ.”

“ಹಳ್ಳಾ ಹಿಂದುಳೀತಲ್ಲೋ ಶಾಣ್ಯಾ!”

ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಅವರ ಮುಖ ಕೆಂಪಗಾಗಿತ್ತು. “ಹುಚ್ಚಗಿಚ್ಚ ಹಿಡದೈತೇನ ನಿಮಗ? ಯಾರ ಮನ್ಯಾಗ ಹೆಚ್ಚಿಗಿ ಐತಿ ಅವ್ರನ್ನ ಎಬ್ಬಸ್ತಾರ ಅಂತ ಸಿಪಾಯಿ ಹೇಳಿಲ್ಲೇನು?”

“ಹೇಳ್ಯಾನ್ರಿ,” ಎಂದರು ಇಬ್ಬರೂ.

“ಹೇಳಿದ ಮ್ಯಾಲೂ ಆಕಿ ಕೌದಿ ನೀ ಹಾಸ್ತಿ, ನಿನ್ನ ಹಾಲು ಆಕಿ ಕೊಡ್ತಾಳ. ಮನಿ ಕಳಕೋಬೇಕಂತ ಮಾಡೀರೇನ?”

ಗಂಗಜ್ಜಿ ಸೆರಗು ಸರಿಮಾಡಿಕೊಂಡಳು. “ಮನಿಗೆ ಬಂದವ್ರ ಮುಂದ ಬರೇ ನೆಲ ತೋರ್ಸೂದೇನ್ರಿ ರಾಯರ?”

“ತೋರ್ಸಬೇಕವ್ವಾ! ಅದನ್ನ ನೋಡಾಕನ ಬಂದೇನಿ!” ಮಾವನ ದನಿ ಈಗ ಬೇಡುವ ದನಿಯಾಗಿತ್ತು. “ನೋಡು, ಒಂದ ಮಾತು. ‘ನನ್ನ ಮನ್ಯಾಗ ಏನೂ ಇಲ್ಲ’ ಅನ್ನು. ಬರ್ಕೊಂಡು ಹೊಕ್ಕೇನಿ. ಈ ಜಾಗಾ ನಿಮಗ ಉಳೀತೈತಿ.”

ಅಜ್ಜಿ ತಂಬಿಗೆಯನ್ನು ವಿಠ್ಠುವಿನ ಮುಂದೆ ಸರಿಸಿದಳು. ಆಮೇಲೆ, “ನಮ್ಮ ಹಿರ್ಯಾರನ್ನ ಹಡಗದಾಗ ತುಂಬಿ ತಂದ್ರಂತರಿ. ಉಟ್ಟ ಅರಿವಿ ಸೈತ ಅವ್ರದಲ್ಲ. ಈಗ ನನಗೊಂದ ಅಂಗಳ ಐತಿ, ನಾಕ ಮಂದಿ ಬಂದು ಕುಂಡ್ರತಾರ. ಏನೂ ಇಲ್ಲ ಅಂತ ಹೆಂಗ ಅನ್ಲಿ? ಹೋಗಂದ್ರ ಹೊಕ್ಕೇನಿ, ಹಂಗ ಅನ್ನಂಗಿಲ್ರಿ” ಎಂದಳು.

ಮಾವ ವಿಠ್ಠುವಿನ ಕಡೆ ತಿರುಗಿದರು. “ನೀನರ ಅನ್ನೋ ಮಾರಾಯಾ.”

ವಿಠ್ಠು ಕೌದಿಯನ್ನು ತಲೆಯಿಂದ ಇಳಿಸಿ ಎದೆಗೆ ಅವಚಿಕೊಂಡ. “ಆಕಿ ಅನ್ನವಲ್ಲಳು. ನಾ ಅಂದ್ರ ನನ್ನ ಮಂದಿ ಉಳೀತೈತಿ, ಆಕಿ ಮಂದಿ ಏಳತೈತಿ. ಬ್ಯಾಡ್ರಿ.”

ಬಡವರಾಗಿರಿ ಎಂದು ಸರಕಾರದ ಕಾರಕೂನ ಕೈಮುಗಿದು ಬೇಡುವುದು, ಅವರು ಆಗುವುದಿಲ್ಲ ಎನ್ನುವುದು! ಇಂಥ ಜಗಳವನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ?

ಮರಳಿ ಬಂದ ಮೇಲೆ ಮಾವ ಮೂರು ದಿನ ಆ ಕಾಗದವನ್ನು ಮುಂದಿಟ್ಟುಕೊಂಡು ಕುಳಿತರು. ಎಡಗಡೆ ನೋಡುವರು, ಬಲಗಡೆ ನೋಡುವರು, ಅತ್ತೆ ತಂದಿಟ್ಟ ಎರಡು ಬಟ್ಟಲು ಸಾರನ್ನು ಕಲಸಿಕೊಂಡು ಒಂದೇ ಮಾಡಿ ಉಣ್ಣುವರು. ಅತ್ತೆ ಗಾಬರಿಯಾಗಿ ದೃಷ್ಟಿ ತೆಗೆದರು. ನಾಲ್ಕನೆಯ ದಿನ ಮಾವ ವರದಿ ಬರೆದರು. ಪ್ರತಿ ಮಾಡಿಕೊಟ್ಟವನು ನಾನೇ, ಹೀಗಾಗಿ ನೆನಪಿದೆ: ‘ಹೋಲಿಸಲು ಎರಡು ಬೇಕು. ಇಲ್ಲಿ ನೋಡಲಾಗಿ ಎರಡು ವಾಡಗಳಿಗೂ ಸೇರಿ ಒಂದೇ ಬದುಕು ಇರುತ್ತದೆ. ಒಂದನ್ನು ಎಬ್ಬಿಸಿದರೆ ಇನ್ನೊಂದು ತಾನೇ ಬೀಳುತ್ತದೆ. ಆ ಕಾರಣ ಯಾರು ಮೇಲೆಂದು ಹೇಳಲು ಬರುವುದಿಲ್ಲ.’

ಸಾಹೇಬರು ಕೆಂಡಾಮಂಡಲವಾದರಂತೆ. ಕೇಳಿದ್ದು ಒಂದು ಹೆಸರು, ಬಂದದ್ದು ವೇದಾಂತ! ಇನ್ನೊಬ್ಬ ಕಾರಕೂನನನ್ನು ಕಳಿಸಿ ಹೊಸ ವರದಿ ತರಿಸುವಷ್ಟರಲ್ಲಿ ಮಳೆ ಹಿಡಿದು ಹಳ್ಳ ತುಂಬುತ್ತದೆಂದು, ಮರದ ರಾಶಿಗೆ ಬೇರೆ ಕಡೆ ಬಯಲು ನೋಡಿದರು. ಎರಡೂ ವಾಡಗಳು ಉಳಿದವು. ಎದ್ದವರು ಒಬ್ಬರೇ, ನಮ್ಮ ಮಾವ. ಗೋವೆಯ ಗಡಿಯ ಅನಮೋಡಕ್ಕೆ ಅವರನ್ನು ಎತ್ತಂಗಡಿ ಮಾಡಿದರು. ದಟ್ಟ ಕಾಡು, ಜಿಗಣೆ, ಚಳಿಜ್ವರ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರಿಗೆ ಅದು ಬಡ್ತಿಯಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಹೊರಡುವ ಬೆಳಿಗ್ಗೆ ಸಾಮಾನೆಲ್ಲ ಚಕ್ಕಡಿ ಏರಿತ್ತು. ಮನೆಯೊಳಗೆ ಬರೀ ಗೋಡೆ, ಬರೀ ನೆಲ, ಒಲೆಯ ಬೂದಿಯನ್ನೂ ಅತ್ತೆ ಬಳಿದು ಚೆಲ್ಲಿದ್ದರು. ಆ ಹೊತ್ತಿಗೆ ಗಂಗಜ್ಜಿ, ವಿಠ್ಠು ಅಷ್ಟು ದೂರದಿಂದ ನಡೆದು ಬಂದು ಬಾಗಿಲಲ್ಲಿ ನಿಂತರು.

“ನಮ್ಮ ಸಲುವಾಗಿ ನಿಮ್ಮನ್ನ ಎಬ್ಬಿಸಿದ್ರಂತ, ಖರೇ ಏನ್ರಿ?” ಅಜ್ಜಿ ಕೇಳಿದಳು.

“ಛೇ ಛೇ! ಯಾವ ಮಗಾ ಹೇಳಿದಾ? ಬಡ್ತಿ ಬೇ, ಬಡ್ತಿ!” ಮಾವ ದೊಡ್ಡದಾಗಿ ನಕ್ಕರು. “ಅನಮೋಡದಾಗ ದೊಡ್ಡ ಮನಿ ಕೊಟ್ಟಾರ. ಒಳಗ ಬರ್ರಿ, ಕುಂಡ್ರಿ. ಚಾ ಕುಡೀದ ಹೆಂಗ ಹೊಕ್ಕೀರಿ?”

ಯಾವ ಚಹಾ? ಯಾವ ಒಲೆ? ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮಾವ ಹಿತ್ತಿಲ ಬಾಗಿಲಿನಿಂದ ಮಾಯವಾದರು. ಸ್ವಲ್ಪ ಹೊತ್ತಿಗೆ ನೆರೆಮನೆಯ ತಾಟಿನಲ್ಲಿ, ನೆರೆಮನೆಯ ಕಪ್ಪುಗಳಲ್ಲಿ ಚಹಾ, ನೆರೆಮನೆಯ ಚಕ್ಕುಲಿ ಹಿಡಿದುಕೊಂಡು ಬಂದರು. ಕುಳಿತುಕೊಳ್ಳಲು ಹಾಸುವುದೇನೂ ಇರಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ನೆಲಕ್ಕೆ ಹಾಸಿ ಅವರಿಬ್ಬರನ್ನೂ ಅದರ ಮೇಲೆ ಕೂಡಿಸಿದರು.

ಹಿತ್ತಿಲ ಬಾಗಿಲಲ್ಲಿ ನೆರೆಮನೆಯಾಕೆ ಕಪ್ಪುಗಳಿಗಾಗಿ ಕಾಯುತ್ತ ನಿಂತಿದ್ದಳು. ಗಂಗಜ್ಜಿ ಅವಳನ್ನು ನೋಡಿದಳು. ವಿಠ್ಠುವೂ ನೋಡಿದ. ಇಬ್ಬರೂ ನೋಡದವರಂತೆ ನಿಧಾನವಾಗಿ, ಕೊನೆಯ ಗುಟುಕಿನ ತನಕ ಚಹಾ ಕುಡಿದರು.

ಅಜ್ಜಿ ಕಪ್ಪು ಕೆಳಗಿಟ್ಟು, ಆ ಖಾಲಿ ಮನೆಯನ್ನು ಸುತ್ತ ಒಮ್ಮೆ ನೋಡಿ ಹೇಳಿದಳು: “ನಿಮ್ಮ ಮನ್ಯಾಗ ಏನ್ ಕಮ್ಮಿ ಐತ್ರಿ ರಾಯರ!”

ಮಾವ ಗೋಡೆಯ ಕಡೆ ಮುಖ ಮಾಡಿ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. “ಇನ್ನೊಂದ ಕಪ್ಪು ತರತೇನಿ, ಕುಂಡ್ರಿ” ಎಂದು ಮತ್ತೆ ಹಿತ್ತಿಲ ಕಡೆ ನಡೆದರು.